ಇಲಿಗೆ ಹಚ್ಚಿದ ದೀಪ

ಶನಿವಾರ ಬೆಳಿಗ್ಗೆ ಅಕ್ಕಿರೊಟ್ಟಿ ತಟ್ಟುತ್ತಿದ್ದೆ. ಒಂದು ಹಂಚು ಒಲೆಯ ಮೇಲೆ, ಇನ್ನೊಂದು ಕೈಯಲ್ಲಿ. ಅಷ್ಟರಲ್ಲಿ ಮೇದಿನಿ ಹಿಂದಿನಿಂದ ಬಂದು ನನ್ನ ಸೆರಗು ಜಗ್ಗಿದಳು. ಕೂಗಿದ್ದರೆ ‘ತಡಿ, ಬಂದೆ’ ಅನ್ನುತ್ತಿದ್ದೆ. ಒಂಬತ್ತು ವರ್ಷದ ಮಗಳು ಬಾಯಿ ಬಿಡದೆ ಜಗ್ಗಿದರೆ ಹೋಗಿ ನೋಡಲೇಬೇಕು. ಉರಿ ಸಣ್ಣ ಮಾಡಿ, ಹಿಟ್ಟಿನ ಕೈಯಲ್ಲೇ ಅವಳ ಹಿಂದೆ ನಡುಮನೆಗೆ ಹೋದೆ.

ಕಿಟಕಿಯ ಪಕ್ಕ ಗೋಣಿಯ ಗಾಜಿನ ಪೆಟ್ಟಿಗೆ. ಗೋಣಿ ಎಂದರೆ ನಮ್ಮ ಮನೆಯ ಕೇರೆಹಾವಿನ ಮರಿ. ಹಳೆಯ ಗೋಣಿಚೀಲದ ಬಣ್ಣ ಇದೆಯೆಂದು ಮೇದಿನಿಯೇ ಇಟ್ಟ ಹೆಸರು. ಹಿಂದಿನ ಸಂಜೆ ಅದರ ಊಟಕ್ಕೆಂದು ಬಿಟ್ಟ ಇಲಿ ಇನ್ನೂ ಇತ್ತು. ಇತ್ತು ಅಂದರೆ ಸಾಲದು. ಗೋಣಿ ಸಿಂಬಿ ಸುತ್ತಿ ಮಲಗಿತ್ತು, ಆ ಸಿಂಬಿಯ ಮೇಲೆ ಇಲಿ ಕೂತು ಮುಂಗಾಲಿನಿಂದ ಮುಖ ಉಜ್ಜಿಕೊಳ್ಳುತ್ತಿತ್ತು. ಮುಚ್ಚಳದಲ್ಲಿ ಸಿಕ್ಕಿಸಿದ್ದ ಕುಂಕುಮ ಬಣ್ಣದ ಸಣ್ಣ ದೀಪ ಉರಿಯುತ್ತಲೇ ಇತ್ತು.

ಎಷ್ಟೋ ವಾರಗಳ ಮೇಲೆ ಮಗಳು ಆ ಪೆಟ್ಟಿಗೆಯ ಮುಂದೆ ನಿಂತು ನಗುತ್ತಿದ್ದಳು. ಅಡುಗೆಮನೆಯಿಂದ ರೊಟ್ಟಿ ಸೀದ ವಾಸನೆ ಬಂತು. ಸೀಯಲಿ ಎಂದು ಅಲ್ಲೇ ನಿಂತೆ.

ನಮ್ಮ ಕಡೆ ಇಲಿಪಾಷಾಣ ನಿಷೇಧವಾಗಿ ಕೆಲವು ವರ್ಷಗಳಾದವು. ಪಾಷಾಣ ತಿಂದ ಇಲಿಯನ್ನು ತಿಂದು ಗೂಬೆಗಳು ಸತ್ತವು, ಬೆಕ್ಕುಗಳು ಸತ್ತವು, ಕೊನೆಗೆ ಬಾವಿಯ ನೀರಿನಲ್ಲೂ ಅದರ ಅಂಶ ಸಿಕ್ಕಿತು. ಪಾಷಾಣ ನಿಂತಿತು, ಇಲಿ ನಿಲ್ಲಲಿಲ್ಲ. ಕಡಲೆಕಾಯಿ ಹೊಲಗಳಲ್ಲಿ ಗಿಡಕ್ಕಿಂತ ಬಿಲ ಜಾಸ್ತಿಯಾಯಿತು. ಆಗ ಶಿರಾ ಊರಾಚೆ ಕೇರೆ ಕೇಂದ್ರ ಶುರುವಾದದ್ದು. ಅಲ್ಲಿ ಕೇರೆಹಾವಿನ ಮೊಟ್ಟೆಗಳನ್ನು ಮರಿ ಮಾಡಿಸಿ, ಬೆಳೆಸಿ, ಹೊಲಗಳಿಗೆ ಬಿಡುತ್ತಾರೆ. ಒಂದೇ ಕೋಣೆಯಲ್ಲಿ ಒತ್ತೊತ್ತಾಗಿ ಇಟ್ಟರೆ ಮರಿಗಳಿಗೆ ಬಾಯಿಹುಣ್ಣು ಹತ್ತಿ ಸಾಯುತ್ತವೆ ಎಂದು ತಿಳಿದ ಮೇಲೆ, ಕೆಲಸಗಾರರ ಮನೆಗೆ ಒಂದೊಂದು ಮರಿ ಕೊಡುವ ಪದ್ಧತಿ ಬಂತು. ಮಾರುದ್ದ ಆಗುವವರೆಗೆ ಸಾಕಿ, ಬಿತ್ತನೆಯ ಹೊತ್ತಿಗೆ ಒಪ್ಪಿಸಬೇಕು. ಕಟ್ಟಳೆ ಒಂದೇ: ಜೀವಂತ ಇಲಿಯನ್ನೇ ಕೊಡಬೇಕು. ಸತ್ತದ್ದನ್ನು ತಿಂದು ಬೆಳೆದ ಹಾವಿಗೆ ಹೊಲದಲ್ಲಿ ಓಡುವ ಇಲಿ ಕಂಡರೆ ಏನು ಮಾಡಬೇಕೆಂದೇ ಗೊತ್ತಾಗುವುದಿಲ್ಲ.

ನಾನು ಆ ಕೇಂದ್ರದ ಇಲಿಕೋಣೆಯಲ್ಲಿ ಕೆಲಸ ಮಾಡುತ್ತೇನೆ. ನಮಗೂ ಒಂದು ಮರಿ ಬೇಕೆಂದು ಹಟ ಹಿಡಿದವಳು ಮೇದಿನಿ. ಶುಕ್ರವಾರ ನಾನು ಇಲಿ ತರುವುದು, ಮುಚ್ಚಳ ತೆಗೆದು ಬಿಡುವುದು ಅವಳು. ಅದೂ ಅವಳೇ ಕೇಳಿ ಪಡೆದ ಕೆಲಸ. ಮೊದಮೊದಲು ಉತ್ಸಾಹವಿತ್ತು. ಒಂದು ಸಂಜೆ ಇಲಿ ಪೆಟ್ಟಿಗೆಯ ಮೂಲೆಗೆ ಓಡಿ, ಹಿಂಗಾಲ ಮೇಲೆ ನಿಂತು ಗಾಜನ್ನು ಕೆರೆಯಿತು. ಗಾಜಿನ ಈಚೆ ಅವಳ ಮುಖವಿತ್ತು.

ಅಂದಿನಿಂದ ಶುಕ್ರವಾರ ಬಂದರೆ ಅವಳಿಗೆ ಊಟ ಸೇರದು. ನಾನೇ ಬಿಡುತ್ತೇನೆ ಎಂದರೂ ಕೇಳಲಿಲ್ಲ. ತಾನು ಹಟ ಮಾಡಿ ತರಿಸಿದ ಹಾವು, ತಾನೇ ಮಾಡಬೇಕು ಎಂಬಂತೆ ಮುಚ್ಚಳ ತೆಗೆಯುವಳು, ಬಿಡುವಳು, ಹಿತ್ತಿಲಿಗೆ ಹೋಗಿ ಬಟ್ಟೆಕಲ್ಲಿನ ಮೇಲೆ ಕೂರುವಳು. ಹಾವಿಗೆ ಊಟ, ಸಾಕಿದವಳಿಗೆ ಉಪವಾಸ ಎಂದು ಅವಳ ಅಪ್ಪ ತಿಪ್ಪೇಶ ರೇಗಿಸಿದರೂ ನಗಲಿಲ್ಲ. ಮಲಗುವಾಗ ನನ್ನ ಕಡೆ ತಿರುಗಿ ಏನೋ ಕೇಳಲು ಬಾಯಿ ತೆರೆಯುವಳು. ಏನಮ್ಮ ಎಂದರೆ, ಏನೂ ಇಲ್ಲ ಎಂದು ಗೋಡೆಯ ಕಡೆ ಹೊರಳುವಳು.

ನಾನು ಒತ್ತಾಯ ಮಾಡಲಿಲ್ಲ. ಹಣ್ಣಾಗದ ಕಾಯಿಗೆ ಗಿಡ ಅಲ್ಲಾಡಿಸಿ ಏನು ಪ್ರಯೋಜನ? ಅವಳು ಕೇಳುವುದು ಏನೆಂದು ನನಗೆ ಗೊತ್ತು ಅಂದುಕೊಂಡಿದ್ದೆ. ಇಲಿಗೆ ನೋವಾಗುತ್ತದಾ ಎಂದು ಕೇಳುತ್ತಾಳೆ. ಅದಕ್ಕೊಂದು ಒಳ್ಳೆಯ ಉತ್ತರ ಸಿಗಲಿ ಎಂದು ಕಾಯುತ್ತಿದ್ದೆ. ಆ ಉತ್ತರ ಕೇಂದ್ರದಲ್ಲೇ ಸಿಕ್ಕಿತು.

ನಮ್ಮ ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ನಿಖತ್. ಹಾವು ಸಾಕುವ ಮನೆಗಳಿಂದ ಮಕ್ಕಳು ಅಳುತ್ತಾರೆ, ಮರಿ ವಾಪಸ್ ತಗೊಳ್ಳಿ ಎಂಬ ಮಾತು ಬರುವುದು ಹೆಚ್ಚಾದಾಗ ಅವರು ಒಂದು ದೀಪ ಮಾಡಲು ಹೊರಟರು. ಇಲಿಯ ಮಿದುಳಿನಲ್ಲಿ ಹೆದರಿಕೆಯನ್ನು ಎಬ್ಬಿಸುವ ಒಂದು ಸಣ್ಣ ಗಂಟು ಇದೆ, ಸಾಸಿವೆ ಕಾಳಿನಷ್ಟು. ಆ ಗಂಟಿನ ಕೋಶಗಳಿಗೆ ಬೆಳಕಿಗೆ ಸ್ಪಂದಿಸುವ ಗುಣ ಹುಟ್ಟಿನಿಂದಲೇ ಇರುವಂಥ ಇಲಿಯ ತಳಿಯನ್ನು ಬೆಳೆಸಿದರು. ಒಂದು ಬಗೆಯ ಕಡುಗೆಂಪು ಬೆಳಕು ಬಿದ್ದರೆ ಆ ಕೋಶಗಳು ಸುಮ್ಮನಾಗುತ್ತವೆ. ತಲೆಬುರುಡೆ ದಾಟಿ ಬೆಳಕು ಹೇಗೆ ಒಳಗೆ ಹೋಗುತ್ತದೆ ಎಂದು ನಾನು ಕೇಳಿದ್ದೆ. ಅವರು ಟಾರ್ಚಿನ ಮೇಲೆ ನನ್ನ ಬೆರಳು ಇಡಿಸಿದರು. ಬೆರಳು ಕೆಂಪಗೆ ಬೆಳಗಿತು. ಮನುಷ್ಯರ ಬೆರಳನ್ನೇ ಕೆಂಪು ಬೆಳಕು ದಾಟುತ್ತದೆ, ಇಲಿಯ ತಲೆ ಎಷ್ಟರದು ಎಂದರು.

ಮೊದಲ ಪರೀಕ್ಷೆಯ ದಿನ ಪರದೆಯ ಮುಂದೆ ನಾನೂ ಇದ್ದೆ. ಇಲಿಯ ತಲೆಗೆ ಅಂಟಿಸಿದ ಪುಟ್ಟ ತಂತಿಯಿಂದ ಬರುವ ಗೆರೆ, ಹಾವಿನ ವಾಸನೆ ತಾಗಿದಾಗ ಗರಗಸದ ಹಲ್ಲಿನಂತೆ ಎದ್ದಿತು. ನಿಖತ್ ಮೇಡಂ ದೀಪ ಹಚ್ಚಿದರು. ಗೆರೆ ಮಲಗಿತು. ಇಲಿ ಹಾವಿನ ಮುಂದೆಯೇ ಕಿವಿ ತುರಿಸಿಕೊಂಡಿತು. ಮಾರನೆಯ ದಿನವೇ ಪ್ರಯೋಗಕ್ಕೆ ಒಂದು ದೀಪ, ಆ ತಳಿಯ ಒಂದು ಇಲಿ ನಮ್ಮ ಮನೆಗೂ ಇರಲಿ ಎಂದು ಕೇಳಿ ತಂದೆ.

ಬಳಸುವ ರೀತಿ ಸುಲಭ. ಇಲಿಯನ್ನು ಬಿಡುವಾಗ ದೀಪ ಹಚ್ಚಬೇಕು. ಹಾವು ತಲೆ ಎತ್ತಿ ನೋಡಿದ ಕೂಡಲೇ ಆರಿಸಬೇಕು. ಆರಿದ ತಕ್ಷಣ ಇಲಿಯ ಕಾಲು ಓಡಲು ಹೊರಡುತ್ತದೆ, ಹೆದರಿಕೆ ಮಾತ್ರ ಕೆಲವು ಉಸಿರಿನಷ್ಟು ತಡವಾಗಿ ಬರುತ್ತದೆ. ಕೇರೆ ಕಣ್ಣಿನಿಂದ ಬೇಟೆಯಾಡುವ ಹಾವು, ಓಡುವುದು ಕಂಡರೇ ಹಿಡಿಯುವುದು. ಹೆದರಿಕೆ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಇದೆಲ್ಲ ಮೇದಿನಿಗೆ ಹೇಳಿದೆ. ಅವಳು ಗಮನವಿಟ್ಟು ಕೇಳಿದಳು. ಶುಕ್ರವಾರ ಸಂಜೆ, ಅತ್ತೆ ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೇ, ಅವಳು ಈ ದೀಪವನ್ನೂ ಹಚ್ಚಿದಳು. ಇಲಿ ಗಾಜು ಕೆರೆಯಲಿಲ್ಲ. ಅಡ್ಡಾಡಿತು, ಮೂಸಿತು, ಕೂತಿತು. ಗೋಣಿ ತಲೆ ಎತ್ತಿತು. ನಾನು ಆರಿಸಲು ಕೈ ಚಾಚಿದೆ.

“ಏ ಇಂದ್ರಾಣಿ, ಏನ್ ಮಾಡ್ತೀಯ? ಶುಕ್ರವಾರ ಮುಸ್ಸಂಜೇಲಿ ಹಚ್ಚಿದ ದೀಪನ ಕೈಯಾರೆ ಆರಿಸ್ತಾರೇನವ್ವ?” ಎಂದರು ಅತ್ತೆ.

ಇದು ಬ್ಯಾಟರಿಯದು ಅತ್ತೆ ಎಂದೆ. ಯಾವುದಾದರೇನು, ಮಗು ಹಚ್ಚಿದೆ, ಅದು ತಾನಾಗಿ ಆರುವವರೆಗೆ ಇರಲಿ ಎಂದರು. ನಮ್ಮ ಮನೆಯಲ್ಲಿ ಅತ್ತೆಯ ಮಾತು ನಡೆಯುವ ಜಾಗ ಕೆಲವೇ. ದೇವರ ಗೂಡು, ಉಪ್ಪಿನಕಾಯಿ ಜಾಡಿ, ಸಂಜೆಯ ದೀಪ. ಅವುಗಳಲ್ಲಿ ನಾನು ಕೈ ಹಾಕುವುದಿಲ್ಲ. ಒಂದು ರಾತ್ರಿ ಉರಿದರೆ ಏನಾದೀತು ಎಂದು ಬಿಟ್ಟೆ. ಅದರ ಫಲವೇ ನಾವು ಬೆಳಿಗ್ಗೆ ನೋಡಿದ್ದು.

ಮೇದಿನಿ ಆ ಇಲಿಗೆ ಕಡ್ಲೆ ಎಂದು ಹೆಸರಿಟ್ಟಳು, ದಿನಾ ಅದಕ್ಕೊಂದಿಷ್ಟು ಕಾಳು ಹಾಕತೊಡಗಿದಳು. ಅಂದು ನಾಲ್ಕು ರೊಟ್ಟಿ ತಿಂದಳು. ಪಕ್ಕದ ಮನೆಯ ಯಶೋದಕ್ಕ ಬಂದು ನೋಡಿ, ಶೃಂಗೇರಿಯಲ್ಲಿ ಹಾವು ಕಪ್ಪೆಗೆ ಹೆಡೆಯ ನೆರಳು ಹಿಡಿದಿತ್ತಂತೆ, ನಿಮ್ಮ ನಡುಮನೆಯೂ ಅಂಥ ಜಾಗವೇ ಎಂದು ಕೈಮುಗಿದರು. ಸಂಜೆಗೆ ಬೀದಿಯ ಅರ್ಧ ಜನ ಬಂದರು. ಯಾರೋ ಬಾಳೆಹಣ್ಣು ತಂದರು, ಯಾರೋ ಸೇವಂತಿಗೆ. ಅತ್ತೆ ಪೆಟ್ಟಿಗೆಯ ಗಾಜಿಗೆ ಕುಂಕುಮದ ಬೊಟ್ಟು ಇಟ್ಟರು. ಬೊಟ್ಟಿನ ಹಿಂದೆ ಹಾವು ಸರಿಯಾಗಿ ಕಾಣುತ್ತಿಲ್ಲ ಎಂದು ತಿಪ್ಪೇಶ ಗೊಣಗಿ, ಬಾಳೆಹಣ್ಣನ್ನು ತಾವೇ ಸುಲಿದು ತಿಂದರು. ಬ್ಯಾಟರಿ ಮುಗಿಯುವ ಮೊದಲೇ ಮೇದಿನಿ ಪ್ರತಿ ಸಂಜೆ ಅದನ್ನು ಚಾರ್ಜಿಗೆ ಹಾಕತೊಡಗಿದಳು. ತಂತಿ ಸಿಕ್ಕಿಸಿದ್ದರೆ ದೀಪ ಆರುವುದೇ ಇಲ್ಲ ಎಂದು ಕಂಡುಕೊಂಡಳು. ಮನೆಗೆ ಬಂದವರಿಗೆಲ್ಲ ಅವಳೇ ವಿವರಿಸುವಳು, ಇಲ್ಲಿ ಯಾರಿಗೂ ಹೆದರಿಕೆ ಇಲ್ಲ ಎಂದು.

ನನಗೂ ಸಂತೋಷವೇ ಆಗಿತ್ತು. ಮಗಳು ಉಣ್ಣುತ್ತಿದ್ದಾಳೆ, ಮಲಗುತ್ತಿದ್ದಾಳೆ, ಹಾಡಿಕೊಂಡು ಸ್ಕೂಲಿಗೆ ಹೋಗುತ್ತಿದ್ದಾಳೆ. ಹಾವು ಹಸಿದುಕೊಂಡು ಕೆಲವು ವಾರ ಇರಬಲ್ಲದು ಎಂಬ ಧೈರ್ಯದ ಮೇಲೆ ನಾನೂ ಕಣ್ಣು ಮುಚ್ಚಿಕೊಂಡೆ. ಮುಂದಿನ ಶುಕ್ರವಾರ ಹೊಸ ಇಲಿ ತರಲಿಲ್ಲ. ಅದರ ಮುಂದಿನದೂ ತರಲಿಲ್ಲ. ಒಂದು ದಿನ ಪೆಟ್ಟಿಗೆ ಒರೆಸುವಾಗ ಗೋಣಿಯನ್ನು ಕೈಗೆ ತೆಗೆದುಕೊಂಡೆ. ಹಿಡಿತಕ್ಕೆ ಬೆನ್ನಿನ ಮೂಳೆ ಸಿಕ್ಕಿತು. ಪಕ್ಕದ ಚರ್ಮ ಒಗೆದ ಕಾಲುಚೀಲದಂತೆ ಮಡಚಿಕೊಂಡಿತ್ತು. ಮೇದಿನಿ ಪಕ್ಕದಲ್ಲೇ ನಿಂತಿದ್ದಳು. ಆ ರಾತ್ರಿ ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದಳು.

ಕೇಂದ್ರದಲ್ಲಿ ಮರಿಗಳ ತೂಕ ನೋಡುವ ದಿನ ಗೋಣಿಯನ್ನು ಬಟ್ಟೆಚೀಲದಲ್ಲಿಟ್ಟು ಒಯ್ದೆ. ಬೇರೆ ಮನೆಗಳ ಹಾವುಗಳೆಲ್ಲ ಮೈತುಂಬಿಕೊಂಡಿದ್ದವು. ದೀಪ ಎಲ್ಲ ಕಡೆ ಚೆನ್ನಾಗಿ ಕೆಲಸ ಮಾಡುತ್ತಿತ್ತು. ನಿಖತ್ ಮೇಡಂ ಗೋಣಿಯನ್ನು ಮುಟ್ಟಿ ನೋಡಿ, ದೀಪವನ್ನು ಎಷ್ಟು ಹೊತ್ತು ಹಚ್ಚುತ್ತೀರಿ ಎಂದು ಕೇಳಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಅತ್ತೆಯ ಮಾತು, ಸೇವಂತಿಗೆ, ಕುಂಕುಮ ಎಲ್ಲ. ಅವರು ಬೈಯಲಿಲ್ಲ. ನಗು ಬಂದು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಪರದೆಯಲ್ಲಿ ತೋರಿಸಿದರು. ದೀಪ ಉರಿಯುತ್ತಲೇ ಇದ್ದರೆ ಇಲಿ ಓಡುವುದಿಲ್ಲ. ಓಡದ ಇಲಿ ಕೇರೆಯ ಕಣ್ಣಿಗೆ ಇಲಿಯೇ ಅಲ್ಲ, ಕಲ್ಲು ಅಥವಾ ಎಲೆ. ಇದರಲ್ಲಿ ಪವಾಡ ಏನೂ ಇರಲಿಲ್ಲ. ಒಂದು ಹಾವು ಊಟ ಕಾಣದೆ ಹಸಿದು ಕೂತಿತ್ತು, ಅಷ್ಟೇ.

“ಈ ವಾರ ತಿನ್ನಲಿಲ್ಲ ಅಂದ್ರೆ ಇಲ್ಲೇ ಬಿಟ್ಟು ಹೋಗ್ಬೇಕಾಗುತ್ತೆ, ಇಂದ್ರಾಣಿ. ನಾನೇ ನೋಡ್ಕೋತೀನಿ. ಆದ್ರೆ ಆ ದೊಡ್ಡ ಕೋಣೇಲಿ ಇಷ್ಟು ಸೊರಗಿದ ಮರಿ ಉಳಿಯೋದು ಕಷ್ಟ,” ಎಂದರು.

ಹೊರಡುವಾಗ ನಾನು ಕೇಳಿದೆ, ದೀಪದ ಬೆಳಕಿನಲ್ಲಿರುವ ಇಲಿಗೆ ಏನಾಗುತ್ತಿದೆ ಎಂದು ಕೊನೆಯವರೆಗೂ ಗೊತ್ತಾಗುವುದಿಲ್ಲವಲ್ಲ? ಗೊತ್ತಾಗುವುದಿಲ್ಲ, ಅದಕ್ಕೇ ಅಲ್ಲವೇ ಮಾಡಿದ್ದು ಎಂದರು ಮೇಡಂ. ಹೇಳಿದ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಪರದೆಯ ಮೇಲಿನ ಮಲಗಿದ ಗೆರೆಯನ್ನೇ ನೋಡುತ್ತ ನಿಂತೆವು.

ಮನೆಗೆ ಬಂದು, ಅವರೆಕಾಳು ಹಿಸುಕುತ್ತ ಕೂತು, ಮೇದಿನಿಗೆ ಎಲ್ಲ ಹೇಳಿದೆ. ಅವಳು ಬುಟ್ಟಿಯ ಆ ಕಡೆ ಕೂತು ತಾನೂ ಹಿಸುಕುತ್ತಿದ್ದಳು. ಹಾವು ಉಳಿಯಬೇಕಾದರೆ ತಿನ್ನಬೇಕು, ತಿನ್ನಬೇಕಾದರೆ ದೀಪ ಆರಬೇಕು ಎಂದೆ. ಕಡ್ಲೆಯನ್ನು ನಾನು ವಾಪಸ್ ತೆಗೆದುಕೊಂಡು ಹೋಗಿ, ಬೇರೆ ಇಲಿ ತರುತ್ತೇನೆ ಎಂದೆ. ಅವಳು ಒಂದು ಕಾಳನ್ನು ಬೆರಳಲ್ಲಿ ಹಿಡಿದು ತಿರುಗಿಸಿದಳು.

“ಬೇರೆಯದಕ್ಕೆ ಹೆಸರಿಲ್ಲ ಅಂತನಾ?” ಎಂದಳು.

ನಾನು ಬುಟ್ಟಿಯಿಂದ ಇನ್ನೊಂದು ಹಿಡಿ ಕಾಳು ಎತ್ತಿಕೊಂಡೆ. ಗೋಡೆಗೆ ಒರಗಿ ಕೂತಿದ್ದ ಅತ್ತೆ ನಮ್ಮಿಬ್ಬರನ್ನೂ ನೋಡಿದರು. ಆ ದೀಪ ಆರಿಸಬೇಡ ಅಂದದ್ದು ನಾನೇ, ಆರಿಸಿ, ಪಾಪ ನನಗಿರಲಿ ಎಂದರು. ಹಾವು ಉಪವಾಸ ಬಿದ್ದು ಸಾಯುವುದಕ್ಕೆ ಯಾವ ದೇವರೂ ದೀಪ ಕೇಳುವುದಿಲ್ಲ ಎಂದರು. ಸ್ವಲ್ಪ ಹೊತ್ತಿನ ಮೇಲೆ, ಯಾರೂ ಕೇಳದೆಯೇ, ತಮ್ಮ ತವರಿನ ಮಾತು ತೆಗೆದರು. ಅವರ ಅವ್ವ ಕೋಳಿ ಸಾಕಿದ್ದರಂತೆ. ದಿನಾ ಬೆಳಿಗ್ಗೆ ಅಂಗಳಕ್ಕೆ ನುಚ್ಚು ಎರಚಿ ಬಾ ಬಾ ಎಂದರೆ ಕೋಳಿಗಳೆಲ್ಲ ಕಾಲಿಗೆ ಸುತ್ತಿಕೊಳ್ಳುತ್ತಿದ್ದವಂತೆ. ಆದರೆ ನೆಂಟರು ಬಂದು ಕೋಳಿ ಕುಯ್ಯಬೇಕಾದ ದಿನ ಅವ್ವ ನುಚ್ಚು ಮುಟ್ಟುತ್ತಿರಲಿಲ್ಲವಂತೆ. ಮಕ್ಕಳನ್ನು ಕಟ್ಟಿಕೊಂಡು, ಬೇಲಿ ಹಾರಿ, ತಿಪ್ಪೆ ಸುತ್ತಿ, ಅಟ್ಟಿಸಿಕೊಂಡು ಹೋಗಿ ಹಿಡಿಯಬೇಕಿತ್ತಂತೆ. ಒಂದು ಸಲ ಕೋಳಿ ಸಿಗದೆ ನೆಂಟರಿಗೆ ಬರೀ ಹುರುಳಿಸಾರು ಆಯಿತಂತೆ.

ನುಚ್ಚು ಹಾಕಿದ್ದರೆ ಸುಲಭವಾಗಿ ಬರುತ್ತಿತ್ತಲ್ಲ ಅಜ್ಜಿ ಎಂದಳು ಮೇದಿನಿ.

“ಬತ್ತಿತ್ತು ಕಣವ್ವ. ಅದುಕ್ಕೇ ಹಾಕ್ತಿರ್ಲಿಲ್ಲ. ಕಾಳಿಗೆ ಕರದು ಕತ್ತಿಗೆ ಕೊಡಬಾರದು ಅಂತಿದ್ಲು ನಮ್ಮವ್ವ. ಓಡೋದು ಅದರ ಪಾಲು, ಹಿಡಿಯೋದು ನಮ್ಮ ಪಾಲು.”

ಮೇದಿನಿ ಅಜ್ಜಿಯ ಮುಖವನ್ನೇ ನೋಡಿದಳು. ಮತ್ತೆ ತಲೆ ಬಗ್ಗಿಸಿ ಕಾಳು ಹಿಸುಕಿದಳು.

ಶುಕ್ರವಾರ ಬಂತು. ನಾನು ಕೇಂದ್ರದಿಂದ ಬೇರೆ ಇಲಿ ತಂದಿರಲಿಲ್ಲ. ಬೇಡ ಎಂದು ಬೆಳಿಗ್ಗೆ ಜಡೆ ಹೆಣೆಸಿಕೊಳ್ಳುವಾಗ ಅವಳೇ ಹೇಳಿದ್ದಳು, ಗಟ್ಟಿ ದನಿಯಲ್ಲಿ, ಕನ್ನಡಿ ನೋಡುತ್ತ. ಮಧ್ಯಾಹ್ನ ಗೋಣಿಯನ್ನು ಒಂದು ಡಬ್ಬಿಗೆ, ಕಡ್ಲೆಯನ್ನು ಇನ್ನೊಂದಕ್ಕೆ ತೆಗೆದಿಟ್ಟು ಪೆಟ್ಟಿಗೆಯನ್ನು ತೊಳೆದೆವು. ಹೊಸ ಮರಳು ಹಾಕಿದೆವು. ಮೂಲೆಗೆ ಒಣ ಹುಲ್ಲು ಇಡೋಣ ಎಂದಳು. ಬರೀ ಗಾಜಿದ್ದರೆ ಓಡಿ ಹೋಗಲು ಜಾಗ ಇಲ್ಲವಲ್ಲ ಎಂದಳು. ಇಟ್ಟೆವು. ಒಂದು ಒಡೆದ ಮಡಕೆಯ ಚೂರನ್ನು ಹಿತ್ತಿಲಿನಿಂದ ತಂದು ಬೋರಲು ಹಾಕಿದಳು. ಇಲಿ ನುಸುಳುವಷ್ಟು ಸಂದು ಉಳಿಸಿದಳು. ಒಳಗೆ ಹೋದ ಇಲಿ ಹಾವಿನ ಕಣ್ಣಿಗೆ ಬೀಳದಷ್ಟು ಸಣ್ಣದೇ ಎಂದು ಬೆರಳಿಟ್ಟು ಅಳೆದಳು. ಇದೆಲ್ಲ ಕೇಂದ್ರದ ಕಟ್ಟಳೆಯಲ್ಲಿ ಇಲ್ಲ. ಇಲ್ಲ ಎಂದು ನಾನು ಹೇಳಲಿಲ್ಲ. ಇಲಿ ಗೆದ್ದರೆ ಗೋಣಿಗೆ ಇನ್ನೊಂದು ದಿನ ಉಪವಾಸ. ಅದು ಅವಳಿಗೂ ಗೊತ್ತಿತ್ತು, ಗೊತ್ತಿದ್ದೇ ಅಳೆಯುತ್ತಿದ್ದಳು.

ಹೊತ್ತು ಇಳಿಯುವಾಗ ಒಲೆಯ ಮೇಲಿನ ಸಾರನ್ನು ಕೆಳಗಿಳಿಸಿ, ಕೈ ಒರೆಸಿಕೊಂಡು ಬಂದು ಅವಳ ಪಕ್ಕ ನೆಲದ ಮೇಲೆ ಕೂತೆ. ತಿಪ್ಪೇಶ ಬಾಗಿಲಲ್ಲಿ ನಿಂತರು, ರೇಗಿಸಲಿಲ್ಲ. ಡಬ್ಬಿಯಿಂದ ಗೋಣಿಯನ್ನು ಪೆಟ್ಟಿಗೆಗೆ ಬಿಟ್ಟೆ. ಅದು ಹೊಸ ಮರಳಿನ ಮೇಲೆ ನಿಧಾನವಾಗಿ ಹರಿದು, ನಾಲಿಗೆ ಆಡಿಸುತ್ತ ಗಾಜಿನ ಬದಿಗೆ ನಿಂತಿತು. ಹಸಿವು ಅದರ ಕತ್ತಿನಲ್ಲಿ ಕಾಣುತ್ತಿತ್ತು.

ಮೇದಿನಿ ಬಲಗೈಯಲ್ಲಿ ದೀಪ ಹಿಡಿದು ಹಚ್ಚಿದಳು. ಕಡ್ಲೆ ತನ್ನ ಡಬ್ಬಿಯಿಂದ ತಾನಾಗಿಯೇ ಅವಳ ಎಡ ಅಂಗೈಗೆ ಹತ್ತಿ ಬಂತು. ಕೆಂಪು ಬೆಳಕಿನಲ್ಲಿ ಕೂತು, ಎಲ್ಲಿಗೂ ಹೋಗುವ ಆತುರವಿಲ್ಲದೆ ಮೀಸೆ ತಿದ್ದಿಕೊಂಡಿತು. ಅದರ ಕಿವಿಯ ಅಂಚಿನಲ್ಲಿ ಬೆಳಕು ಒಳಗಿನಿಂದಲೇ ಬರುತ್ತಿದೆಯೋ ಎಂಬಂತೆ ಹೊಳೆಯುತ್ತಿತ್ತು. ಮೇದಿನಿ ಅದನ್ನು ನೋಡಿದಳು, ಗೋಣಿಯನ್ನು ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು. ಇಷ್ಟು ದಿನ ಅವಳು ನುಂಗಿಕೊಂಡದ್ದು ಈಗ ಗಂಟಲಿಗೆ ಬಂದಿದೆ ಎಂದು ನನಗೆ ಕಂಡಿತು. ನೋವಾಗುವುದಿಲ್ಲ ಕಂದ, ನಾನೇ ಗೆರೆ ನೋಡಿದ್ದೇನೆ ಎನ್ನಲು ಸಿದ್ಧಳಾಗಿ ಅವಳ ಬೆನ್ನ ಮೇಲೆ ಕೈ ಇಟ್ಟೆ. ಒಳಗೊಳಗೇ ಹಗುರವಾಯಿತು, ಗೋಡೆಯ ಕಡೆ ತಿರುಗಿದ್ದ ಮಗಳು ನನ್ನ ಕಡೆ ತಿರುಗಿದ್ದಳು.

ಅವಳು ನನ್ನ ಕಣ್ಣನ್ನೇ ನೋಡಿ ಕೇಳಿದಳು.

“ಅಮ್ಮ, ಈ ದೀಪ ಹಚ್ಚೋದು ಇಲಿಗೋಸ್ಕರನಾ, ನಮಗೋಸ್ಕರನಾ?”